ಮಾಡಿನ ಮೇಲಿನ ಉಪ್ಪು

ಬೆಂಗಳೂರಿನ ಬಾಗಲಗುಂಟೆಗೆ ಬಂದ ಮರುದಿನ ಬೆಳಿಗ್ಗೆ ನಾನು ಕಂಡದ್ದು, ರಸ್ತೆಯುದ್ದಕ್ಕೂ ನೀರು ಚೆಲ್ಲುತ್ತ ಹೋಗುವ ಟ್ಯಾಂಕರ್ ಲಾರಿ. ಯಾರೂ ಕೊಡ ಹಿಡಿದು ಅದರ ಹಿಂದೆ ಓಡಲಿಲ್ಲ. ನಾಲ್ಕೂ ಕಡೆ ನೀರಿರುವ ನಮ್ಮ ಕುದ್ರುವಿಗೆ ಬೇಸಿಗೆಯಲ್ಲಿ ಕುಡಿಯುವ ನೀರು ಬರುವುದು ದೋಣಿಯಲ್ಲಿ. ಒಂದು ಕೊಡ ತುಳುಕಿದರೆ ದೋಣಿಯಲ್ಲಿದ್ದವರೆಲ್ಲ ತಿರುಗಿ ನೋಡುತ್ತಾರೆ.

ಇಲ್ಲಿ ಒಂದು ಲಾರಿ ನೀರಿಗೆ ‘ಲೋಡು’ ಎನ್ನುತ್ತಾರೆ. ಅದನ್ನು ತುಂಬಿಸುವುದು ಮನೆ ಮುಂದಿನ ನೆಲದೊಳಗಿನ ತೊಟ್ಟಿಗೆ, ಅದು ‘ಸಂಪು’. ಕರೆಂಟು ಹೋದರೆ ಸಂಪಿನಿಂದ ಕೈಯಲ್ಲೇ ಎತ್ತಬೇಕು. ನಾನು ಬಿಂದಿಗೆಯನ್ನು ಓರೆ ಮಾಡಿ, ಮೇಲಿನ ನೀರನ್ನಷ್ಟೇ ಮೆಲ್ಲನೆ ಒಳಗೆ ಬಿಟ್ಟುಕೊಳ್ಳುತ್ತಿದ್ದೆ. ಮನೆಯ ಓನರ್ ಸರೋಜಮ್ಮ ನಿಂತು ನೋಡಿದರು.

“ಏನಮ್ಮಾ ಹಂಗ್ ಸವರ್ತಾ ಇದೀಯ, ನೀರಿಗೆ ನೋವಾಗತ್ತಾ? ಮುಳುಗ್ಸಿ ಎತ್ತು.”

ವಿವರಿಸಿದೆ. ಹೊಳೆ ಸಮುದ್ರ ಸೇರುವಲ್ಲಿ ನಿಂತ ಮರಳುದಿಬ್ಬ ನಮ್ಮ ಕುದ್ರು. ಬಾವಿಯಲ್ಲಿ ಮಳೆಯ ಸಿಹಿನೀರು ಮೇಲೆ, ಸಮುದ್ರದ ಉಪ್ಪುನೀರು ಕೆಳಗೆ. ಕಲಕಿದರೆ ಎರಡೂ ಒಂದೇ.

“ಸುತ್ತ ನೀರಿದ್ದೂ ನೀರಿಲ್ವಾ? ನಮ್ದೇ ವಾಸಿ ಬಿಡು,” ಎಂದರು ಸರೋಜಮ್ಮ. ನನ್ನ ಕನ್ನಡ ಕೇಳಿ ಕೇರಳದವಳೇ ಎಂದು ಅನುಮಾನಿಸಿದ್ದವರು, ಆ ದಿನದಿಂದ ನನ್ನನ್ನು ‘ದ್ವೀಪದ ಹುಡುಗಿ’ ಎಂದು ಕರೆಯತೊಡಗಿದರು.

ರಸಾಯನಶಾಸ್ತ್ರ ಓದಿದ ನನಗೆ ಪೀಣ್ಯದಲ್ಲಿ ಸಿಕ್ಕ ಕೆಲಸವೂ ನೀರಿನದೇ. ಕಾರ್ಖಾನೆಗಳ ಬೋರ್‌ವೆಲ್ ನೀರು ಬಾಟಲಿಗಳಲ್ಲಿ ಬರುತ್ತದೆ. ಪರೀಕ್ಷಿಸಿ ಎಷ್ಟು ಗಡಸು, ಎಷ್ಟು ಉಪ್ಪು ಎಂದು ಬರೆಯುತ್ತೇನೆ. ಇಲ್ಲಿ ಸಾಲದಾದಂತೆಲ್ಲ ಇನ್ನೂ ಆಳಕ್ಕೆ ಕೊರೆಯುತ್ತಾರೆ. ನಮ್ಮಲ್ಲಿ ಆಳಕ್ಕೆ ಹೋದರೆ ಸಿಗುವುದು ಸಮುದ್ರ.

ನನ್ನ ನೆನಪಿನಲ್ಲಿ ನಮ್ಮ ಬಾವಿ ವರ್ಷವಿಡೀ ಸಿಹಿ. ಅಕ್ಕ ಒಪ್ಪುವುದಿಲ್ಲ, ನಾನು ಫ್ರಾಕು ತೊಡುತ್ತಿದ್ದಾಗಲೂ ಮಳೆಗಾಲದ ಮುಂಚೆ ದೋಣಿ ನೀರು ಬರುತ್ತಿತ್ತಂತೆ. ದೂರ ಬಂದವರ ನಾಲಿಗೆ ಊರಿನದೆಲ್ಲವನ್ನೂ ಸಿಹಿ ಮಾಡಿಕೊಳ್ಳುತ್ತದೆಯೋ ಏನೋ. ಆದರೆ ಈಗೀಗ ಶಿವರಾತ್ರಿಗೇ ಬಾವಿ ಕೆಡುತ್ತದೆ, ಹುಣ್ಣಿಮೆಯ ಉಬ್ಬರ ತೆಂಗಿನ ಬುಡದವರೆಗೆ ಏರುತ್ತದೆ ಎಂಬುದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಭಾವ ದಡದಲ್ಲಿ ಬಾಡಿಗೆಗೆ ಮನೆ ನೋಡಿದ್ದರು. ಅಕ್ಕನಿಗೆ ಕುದ್ರು ಬಿಡುವ ಮನಸ್ಸಿಲ್ಲ. ನಮ್ಮ ಮನೆಯಲ್ಲಿ ಅಲ್ಲಿ ಉಳಿದವಳು ಅವಳೊಬ್ಬಳೇ. ಅವಳೂ ಎದ್ದರೆ ನಾನು ‘ಊರಿಗೆ’ ಎಂದು ಟಿಕೆಟ್ ತೆಗೆಯುವುದಾದರೂ ಎಲ್ಲಿಗೆ?

ದಾಸರಹಳ್ಳಿಯಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ. ಮಳೆಕೊಯ್ಲು ಕಡ್ಡಾಯವೆಂದು ಸರೋಜಮ್ಮನೂ ತಾರಸಿಯಿಂದ ಪೈಪು ಇಳಿಸಿ, ಜಲ್ಲಿ ಇದ್ದಿಲು ತುಂಬಿದ ಡ್ರಮ್ಮು ಕೂರಿಸಿದರು. ಮೊದಲ ಮಳೆಯ ನೀರು ಸ್ವಲ್ಪ ಹೊತ್ತು ಹೊರಗೆ ಬಿಡಬೇಕು, ಧೂಳು ಹೋಗಲಿ ಎಂದು ಪ್ಲಂಬರ್ ಹೇಳಿಕೊಟ್ಟ. ನಾನು ಅದನ್ನೇ ಚಿತ್ರ ಬರೆದು ಊರಿಗೆ ಒಯ್ದೆ. ಒಂದು ಬೇಸಿಗೆ ನೋಡೋಣವೆಂದು ಭಾವ ಒಪ್ಪಿದರು. ಸಿಮೆಂಟು, ಜಲ್ಲಿ ದೋಣಿಯಲ್ಲಿ ಬಂದವು. ಹೆಂಚಿನ ಮಾಡಿನ ಅಂಚಿಗೆ ನೀರು ಹರಿದುಬರುವ ದಂಬೆ ಕಟ್ಟಿ, ಅಂಗಳದಲ್ಲಿ ಟ್ಯಾಂಕಿ ಎಬ್ಬಿಸಿದರು.

ಮಳೆ ಹಿಡಿದ ವಾರ ಅಕ್ಕನ ಫೋನು. “ಹೋಯ್, ನಿನ್ನ ಬೆಂಗ್ಳೂರ್ ಟ್ಯಾಂಕಿ ತುಂಬಿತ್. ನೀರ್ ಉಪ್ಪ್ ಮಾರಾಯ್ತಿ. ಆಕಾಶಕ್ಕೂ ಸಮುದ್ರ ಹತ್ತಿತಾ?”

ಹಿಂದಿನಿಂದ ಭಾವನ ದನಿ: “ದಡದ್ ಮನಿಯವ್ರಿಗೆ ಹೇಳಿ ಕಳ್ಸುದಾ?”

ಮಳೆ ಉಪ್ಪಾಗುವುದೆಂತು? ಲ್ಯಾಬಿನಲ್ಲಿ ಬಾಟಲಿಗಳ ಮುಂದೆ ಕೂತಾಗ ಹೊಳೆಯಿತು. ಬೆಂಗಳೂರಿನ ತಾರಸಿಯಲ್ಲಿ ಧೂಳು, ಸ್ವಲ್ಪ ಹೊತ್ತಿನ ಮಳೆಗೆ ಹೋಗುತ್ತದೆ. ಕುದ್ರುವಿನ ಮಾಡಿನ ಮೇಲೆ ಬೇಸಿಗೆಯಿಡೀ ಕಡಲ ಗಾಳಿ ತಂದು ಕೂರಿಸಿದ ಉಪ್ಪು. ಕಿಟಕಿಯ ಸರಳು ತುಕ್ಕು ಹಿಡಿಯುವುದನ್ನು ನೋಡುತ್ತಲೇ ಬೆಳೆದವಳು ನಾನು. ಆದರೂ ಚಿತ್ರ ಬರೆಯುವಾಗ ನನ್ನ ಕಣ್ಣೆದುರು ಇದ್ದದ್ದು ಬಾಗಲಗುಂಟೆಯ ತಾರಸಿ.

“ಟ್ಯಾಂಕಿ ಖಾಲಿ ಮಾಡು ಅಕ್ಕಾ. ಪೈಪು ಬಿಚ್ಚಿಡು. ಪ್ರತಿ ಮಳೆಗೂ ದಂಬೆ ನೀರು ಬಾಯಿಗೆ ಹಾಕಿ ಕಾಣ್. ಉಪ್ಪ್ ಹೋದ ಮೇಲೆ ಜೋಡ್ಸು.”

“ತುಂಬಿದ್ ನೀರ್ ಚೆಲ್ಲುದಾ?” ಹುಟ್ಟಿದಾಗಿನಿಂದ ನೀರು ಸವರಿ ತೆಗೆದವಳಿಗೆ ನಾನು ಹೇಳಬಾರದ್ದನ್ನು ಹೇಳಿದ್ದೆ. ಅವಳು ಚೆಲ್ಲಲಿಲ್ಲ. ಪಾತ್ರೆ ತೊಳೆದು, ನೆರೆಯವರ ಬಟ್ಟೆಗೆ ಕೊಟ್ಟು, ಕೊಡ ಕೊಡವಾಗಿ ಖಾಲಿ ಮಾಡಿದಳು. ಆಷಾಢ ಕಳೆಯುವ ಹೊತ್ತಿಗೆ ಪೈಪು ಜೋಡಿಸಿ ಫೋನು ಮಾಡಿದಳು: “ಈಗ ಸಪ್ಪೆ.”

ನಡುಬೇಸಿಗೆಯಲ್ಲಿ ಹೋದೆ. ಬಾವಿ ಕೆಟ್ಟಿತ್ತು, ಟ್ಯಾಂಕಿಯಲ್ಲಿ ಇನ್ನೂ ನೀರಿತ್ತು. ನೆರೆಯವರು ನೋಡಿಹೋಗಲು ಬರುತ್ತಿದ್ದರು. ಭಾವ ದಡದ ಮನೆಯ ಮಾತೆತ್ತಲಿಲ್ಲ. ಕೇಳಿದ್ದಕ್ಕೆ, “ಈ ವರ್ಷ ಇಲ್ಲೇ. ಮುಂದಿಂದ್ ಕಾಂಬ,” ಎಂದರು. ಅವರ ಮಾತು ಸರಿ. ಟ್ಯಾಂಕಿ ಬಾಯಾರಿಕೆಗೆ ಆದೀತು, ತೆಂಗಿನ ಬುಡಕ್ಕೆ ಬಂದ ಸಮುದ್ರವನ್ನು ತಡೆಯಲಾರದು.

ಅಕ್ಕ ಚಾ ಕೊಟ್ಟಳು. ಒಂದು ಗುಟುಕು ಕುಡಿದು ಲೋಟದೊಳಗೆ ನೋಡಿದೆ.

“ಎಂತ ಆಯ್ತ್?”

“ಮನೆಯ ಚಾ ಹಾಗಿಲ್ಲ.”

“ಉಪ್ಪಿಲ್ಲೆ ಅಲ್ದಾ,” ಎಂದು ನಕ್ಕಳು. “ಬೇಕಾರೆ ಬಾವಿ ಅಲ್ಲೇ ಇತ್ತ್.”

ಬಾಗಲಗುಂಟೆಯ ನಲ್ಲಿಯಲ್ಲಿ ಈಗ ಬೋರ್‌ವೆಲ್ ನೀರು; ನಾಲಿಗೆಗೆ ತುಸು ಉಪ್ಪು ತಾಗುತ್ತದೆಂದು ಕುಡಿಯಲು ಕ್ಯಾನ್ ನೀರು ತರಿಸುತ್ತೇವೆ. ಊರಿಂದ ಮರಳಿದ ಬೆಳಿಗ್ಗೆ ನಲ್ಲಿಯ ನೀರನ್ನೇ ಹಿಡಿದು ಚಹಾಕ್ಕಿಟ್ಟೆ. ಬಾಗಿಲಲ್ಲಿ ನಿಂತಿದ್ದ ಸರೋಜಮ್ಮ, “ಕ್ಯಾನ್ ನೀರು ಮುಗೀತೇನಮ್ಮ?” ಎಂದರು.

“ಇಲ್ಲ, ಇದೆ,” ಎಂದೆ. ಅವರಿಗೂ ಒಂದು ಲೋಟ ಸೋಸಿದೆ.