ಬೊಂಬೆಗಳ ಜಾಗದಲ್ಲಿ ಚಿತ್ರಪುಸ್ತಕ

ನವರಾತ್ರಿಯ ಸರಸ್ವತಿ ಪೂಜೆಯ ದಿನ, ಸಂಜೆ ಐದೂವರೆ. ಜಯನಗರದ ನಮ್ಮ ಮನೆಯ ಹಾಲಿನಲ್ಲಿ ಇದ್ದವರು ಅಜ್ಜಿ, ಅಮ್ಮ ಮತ್ತು ಹತ್ತು ವರ್ಷದ ನಾನು. ಅಪ್ಪ ಆರಕ್ಕೆ ಬರುವವರು. ಗಿರಣಿಯಲ್ಲಿ ಅವರು ಟೈಮ್ ಕೀಪರ್. ಮನೆಯಲ್ಲೂ ಅದೇ ಕೆಲಸ.

ಆಗೆಲ್ಲ ನವರಾತ್ರಿ ಬಂತೆಂದರೆ ಬೀದಿಯ ಹೆಣ್ಣುಮಕ್ಕಳು ಗುಂಪು ಕಟ್ಟಿಕೊಂಡು ಮನೆಮನೆಯ ಬಾಗಿಲಲ್ಲಿ "ಬೊಂಬೆ ಕೂರ್ಸಿದ್ದೀರಾ ರೀ?" ಎಂದು ಕೇಳುತ್ತಿದ್ದೆವು. ಬೊಂಬೆ ನೋಡಿ ಒಂದು ಹಾಡು ಹೇಳಿದರೆ ಕೈಗೆ ಚರ್ಪು ಬೀಳುತ್ತಿತ್ತು: ಕಡಲೆಕಾಳು ಉಸಲಿಯೋ, ಕೊಬ್ಬರಿ ಮಿಠಾಯಿಯೋ. ನಾನೂ ಆ ಗುಂಪಿನಲ್ಲಿ ಇರುತ್ತಿದ್ದೆ. ಆದರೆ ನಮ್ಮ ಮನೆ ಬಂದಾಗ ಎಲ್ಲರೂ ಕೇಳದೆ ದಾಟಿಬಿಡುತ್ತಿದ್ದರು. ಬಡಾವಣೆ ಆಗುವ ಮುಂಚೆ ಅದೇ ನೆಲದಲ್ಲಿ ರಾಗಿ ಬೆಳೆದವರು ನಾವು. ಬೊಂಬೆ ಕೂರಿಸುವ ಪದ್ಧತಿ ನಮ್ಮಲ್ಲಿರಲಿಲ್ಲ, ಬೊಂಬೆಗಳೂ ಇರಲಿಲ್ಲ.

ಇದ್ದದ್ದು ಚಿತ್ರಪುಸ್ತಕಗಳು. ವಸ್ತುಪ್ರದರ್ಶನಕ್ಕೆ ಹೋದಾಗಲೆಲ್ಲ ಅಪ್ಪ ನನಗೊಂದು ತರುತ್ತಿದ್ದರು. ಒಂದರಲ್ಲಿ ಆಫ್ರಿಕಾದ ಆಮೆ ಆನೆಗಳ ಜಗಳ ಬಿಡಿಸುತ್ತಿತ್ತು. ಇನ್ನೊಂದರಲ್ಲಿ ಜಪಾನಿನ ಮುದುಕಿ ಚಂದ್ರನಿಗೆ ಅನ್ನ ಬಡಿಸುತ್ತಿದ್ದಳು. ಮತ್ತೊಂದರಲ್ಲಿ ಹಿಮದ ನಾಡಿನ ಹುಡುಗಿ ಕಳೆದುಹೋದ ತನ್ನ ಸಾರಂಗವನ್ನು ಹುಡುಕಿ ಹೊರಟಿದ್ದಳು. ದಪ್ಪ ಹಾಳೆ, ತೆರೆದರೆ ಸೀಮೆಎಣ್ಣೆಯಂಥ ಶಾಯಿಯ ವಾಸನೆ. ಇಂಗ್ಲಿಷಿನಲ್ಲಿದ್ದುದರ ಅರ್ಥವನ್ನು ಅಪ್ಪನಿಂದ ಕೇಳಿ ಬಾಯಿಪಾಠ ಮಾಡಿದ್ದೆ.

ಆ ವರ್ಷ ಡಬ್ಬಗಳ ಮೇಲೆ ಹಲಗೆ ಇಟ್ಟು ಮೆಟ್ಟಿಲು ಮಾಡಿದೆ. ಅಪ್ಪನ ಬಿಳಿ ಪಂಚೆ ಹಾಸಿ ಪುಸ್ತಕಗಳನ್ನೇ ತೆರೆದು ನಿಲ್ಲಿಸಿದೆ. ದಿನಕ್ಕೆ ಒಂದೇ ಪುಟ, ಇದು ನನ್ನ ಕಾನೂನು. ಸಂಜೆ ಪುಟ ತಿರುಗಿಸಿ, ಅದರ ಕಥೆ ಹೇಳಿ, ಅಲ್ಲಿಗೆ ನಿಲ್ಲಿಸಬೇಕು. ಮೊದಲ ಸಂಜೆ ಇಬ್ಬರು ಬಂದರು, ಅದೂ ಉಸಲಿಯ ಒಗ್ಗರಣೆ ವಾಸನೆಗೆ. ಆಮೇಲೆ ಇಡೀ ಗುಂಪೇ ಬರತೊಡಗಿತು. ಎದುರು ಮನೆಯಲ್ಲಿ ಏಳು ಮೆಟ್ಟಿಲು ಬೊಂಬೆ ಕೂರಿಸುತ್ತಿದ್ದ ವತ್ಸಲಾ ಕೂಡ, ಮೂಗು ಮುರಿಯುತ್ತಲೇ ಬಂದಳು. ಪೂಜೆಯ ಹಿಂದಿನ ಸಂಜೆ ನಾನು ಕಥೆ ನಿಲ್ಲಿಸಿದ್ದು ಹಿಮದ ನಾಡಿನ ಆ ಹುಡುಗಿ ಹೆಪ್ಪುಗಟ್ಟಿದ ಹೊಳೆಯ ನಡುವೆ ನಿಂತಿದ್ದಾಗ. ಕಾಲ ಕೆಳಗೆ ಮಂಜುಗಡ್ಡೆ ಬಿರುಕು ಬಿಟ್ಟಿತ್ತು.

ಒಂದನ್ನು ಮಾತ್ರ ನಾನು ಯೋಚಿಸಿರಲಿಲ್ಲ. ಸರಸ್ವತಿ ಪೂಜೆಗೆ ಇಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ತೆರೆಯುವಂತಿಲ್ಲ. ಶಾಲೆಯ ಪುಸ್ತಕಗಳ ಜೊತೆಗೆ ಅಜ್ಜಿ ನನ್ನ ಚಿತ್ರಪುಸ್ತಕಗಳನ್ನೂ ಮುಚ್ಚಿ, ಒಂದರ ಮೇಲೊಂದು ಪೇರಿಸಿ, ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಏರಿಸಿಬಿಟ್ಟಿದ್ದಳು.

"ಅಜ್ಜಿ, ಇವು ಈ ವರ್ಷ ಬೊಂಬೆ ಅಲ್ವಾ?"

"ಅಕ್ಷರ ಐತೋ ಇಲ್ವೋ ಅದ್ರಲ್ಲಿ?"

"ಇದೆ."

"ಅಂಗಾದ್ರೆ ಪುಸ್ತಕನೇಯ. ಮುಟ್ಟಬ್ಯಾಡ."

ಅಮ್ಮನ ಕಡೆ ನೋಡಿದೆ. ಅಮ್ಮ ಉಸಲಿಗೆ ಕಾಯಿ ತುರಿಯುತ್ತಾ, "ನನ್ ಕೇಳ್ಬೇಡ" ಅಂದರು. ಅಷ್ಟರಲ್ಲಿ ಅಪ್ಪ ಬಂದು ಚಪ್ಪಲಿ ಬಿಟ್ಟರು. ವಿಷಯ ಕೇಳಿ, "ನಿಯಮ ಅಂದ್ರೆ ನಿಯಮ. ದಿನಕ್ಕೊಂದೇ ಪುಟ ಅಂತ ನೀನು ಹೇಳಿದಾಗ ಯಾರಾದ್ರೂ ಜಗಳ ಆಡಿದ್ರಾ?" ಎಂದರು.

ಹೊರಗೆ ಗೇಟು ಕಿರುಗುಟ್ಟಿತು. ಗುಂಪು ಒಳಗೆ ಬಂದು ಖಾಲಿ ಮೆಟ್ಟಿಲು ನೋಡಿತು.

"ಇವತ್ತು ಪುಟ ಇಲ್ವೇನೇ?" ಎಂದಳು ವತ್ಸಲಾ. "ನಂಗೊತ್ತಿತ್ತು. ನಮ್ಮನೆ ಬೊಂಬೆ ಯಾವತ್ತೂ ರಜಾ ಹಾಕಲ್ಲಪ್ಪ. ಬರ್ರೇ ಹೋಗೋಣ."

ಇಬ್ಬರು ಬಾಗಿಲ ಕಡೆ ತಿರುಗಿಯೂ ಆಯಿತು. ಆ ದಿನ ಹೋದರೆ ಮರುದಿನ ಬರುವುದಿಲ್ಲ, ಮುಂದಿನ ವರ್ಷವೂ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅಡುಗೆಮನೆಯ ಬಾಗಿಲ ಹಿಂದಿದ್ದ ರಂಗೋಲಿ ಡಬ್ಬ ತಂದು ಹಾಲಿನ ಕೆಂಪು ನೆಲದ ಮೇಲೆ ಸುರಿದು, ಅಂಗೈಯಿಂದ ಹರಡಿದೆ. ಮೂಲೆಯಿಂದ ಮೂಲೆಗೆ ಬಿಳುಪು.

"ಇದು ಹೊಳೆ. ಇಲ್ಲಿ ಮಂಜು ಒಡೀತಾ ಇದೆ," ಎಂದು ಬೆರಳಿನಿಂದ ಗೀರಿದೆ. ಕೆಂಪು ಬಿರುಕು ಉದ್ದಕ್ಕೆ ಓಡಿತು. "ಓಡಿದ್ರೆ ಮುಳುಗ್ತಾಳೆ. ಅದಕ್ಕೆ ಮಲಗಿ ತೆವಳ್ತಾಳೆ. ಆ ದಡದಲ್ಲಿ ನಿಂತಿರೋದು ಅವಳ ಸಾರಂಗ." ಪುಟದಲ್ಲಿದ್ದಂತೆಯೇ ಅದನ್ನೂ ಬರೆದೆ.

ವತ್ಸಲಾ ಬಗ್ಗಿ ನೋಡಿದಳು. "ಇದು ಸಾರಂಗನಾ? ನಮ್ಮ ಹಾಲಿನವನ ಎಮ್ಮೆ ಥರ ಇದೆ."

ಎಲ್ಲರೂ ನಕ್ಕರು. ನಾನು ಡಬ್ಬವನ್ನು ಅವಳ ಮುಂದೆ ತಳ್ಳಿದೆ. "ನೀನೇ ಬರಿ."

ಅವಳು ಲಂಗ ಎತ್ತಿ ಕಟ್ಟಿ ಕೂತಳು. ಹಬ್ಬಕ್ಕೆ ಬಳ್ಳಿ ಎಳೆಯುವ ಕೈ ಅದು. ಕವಲುಕವಲಾಗಿ ಕೊಂಬು ಮೂಡಿದವು. ಉಳಿದವರೂ ಕೂತರು. ಒಬ್ಬಳು ಪೈನ್ ಮರ ಬರೆಯಹೋಗಿ ತೆಂಗಿನ ಮರ ಬರೆದಳು, ಇನ್ನೊಬ್ಬಳು ಅದಕ್ಕೆ ಕಾಯಿ ಬಿಡಿಸಿದಳು. ಅಜ್ಜಿ ಕಂಬಕ್ಕೆ ಒರಗಿ, "ಅಷ್ಟು ಚಳೀಲಿ ಆ ಮಗೀಗೆ ಕಂಬಳಿನಾದ್ರೂ ಹೊದ್ಸ್ರೇ" ಎಂದಳು. ಕಂಬಳಿಯೂ ಬಂತು. ಏಳು ಗಂಟೆಗೆ ನಮ್ಮ ಮನೆಯ ಬಾಗಿಲು ಹಾಕುವುದು ಕಡ್ಡಾಯ. ಅಪ್ಪ ಗಡಿಯಾರ ನೋಡಿದರು. ಮತ್ತೆ ನೋಡಿದರು. ಬಾಗಿಲು ಹಾಕದೆ ಬಂದು ಕೂತರು.

ಹೊರಡುವಾಗ ವತ್ಸಲಾ, "ನಾಳೆ ನಾನು ಬಣ್ಣದ ಪುಡಿ ತರ್ತೀನಿ. ನಾನು ಬರೋವರ್ಗೂ ಶುರು ಮಾಡ್ಬೇಡ" ಎಂದಳು.

ಇದನ್ನು ನಾನು ಜಂಬದಿಂದಲೇ ಹೇಳುತ್ತೇನೆ. ಮುಂದಿನ ಎಷ್ಟೋ ವರ್ಷ ನಮ್ಮ ಬೀದಿಯ ನವರಾತ್ರಿ ಸಂಜೆ ಮುಗಿಯುತ್ತಿದ್ದುದು ನಮ್ಮ ಮನೆಯಲ್ಲೇ.

ಈಗ ನನ್ನ ಮೊಮ್ಮಗಳ ಕಪಾಟಿನ ತುಂಬ ಚಿತ್ರಪುಸ್ತಕಗಳಿವೆ. ಯಾವ ದೇಶದ ಕಥೆ ಬೇಕಾದರೂ ಕನ್ನಡದಲ್ಲೇ ಸಿಗುತ್ತದೆ, ನಮಗಿಂತ ಅವಳು ಅದೃಷ್ಟವಂತೆ. ಕೂತಲ್ಲೇ ನಾಲ್ಕು ಓದಿ ಮುಗಿಸುತ್ತಾಳೆ. ಆದರೆ ನಾಳೆಯ ಪುಟಕ್ಕಾಗಿ ಒಂದು ಬೀದಿಯೇ ಕಾಯಬಹುದೆಂದು ಅವಳಿಗೆ ಗೊತ್ತಿಲ್ಲ. ಈಗ ಕರೆಗಂಟೆ ಒತ್ತುವವರು ಪಾರ್ಸೆಲ್ ತಂದವರು ಮಾತ್ರ. ಅಂದು ದಾಟಿಹೋಗುತ್ತಿದ್ದುದು ಒಂದು ಮನೆಯನ್ನು. ಇಂದು ಎಲ್ಲರೂ ಎಲ್ಲರ ಮನೆಯನ್ನೂ ದಾಟಿಹೋಗುತ್ತಾರೆ.

ಅಂದು ಎಲ್ಲರೂ ಹೋದ ಮೇಲೆ ನಾನು ಪೊರಕೆ ಹಿಡಿದೆ. ನೆಲ ಗುಡಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ರಂಗೋಲಿ ಮೆತ್ತಿದ ಬಿಳಿ ಹೆಜ್ಜೆಗಳು ಹೊಸ್ತಿಲು ದಾಟಿ, ಗೇಟು ದಾಟಿ, ರಸ್ತೆಯ ಆಚೆ ಬೇರೆಬೇರೆ ಮನೆಗಳ ಕಡೆಗೆ ಹೋಗಿದ್ದವು.

"ಹೊರಗಡೆದೂ ಗುಡಿಸ್ಬಿಡು" ಎಂದರು ಅಮ್ಮ.

"ಅದು ಇರ್ಲಿ" ಎಂದು ಪೊರಕೆಯನ್ನು ಮೂಲೆಗೆ ಇಟ್ಟೆ.