ಗಡಿಗೆ ಹೋದ ಹಾಳುಮಣ್ಣು

“ಯವ್ವಾ, ಈ ಮಣ್ಣು ಒಂದೀಟ ಕೊಡ್ತೀರೇನ್ರಿ?”

ಟಿಕೋಟಾದ ನಮ್ಮ ಮನೆ ಮುಂದೆ ಮಿಲಿಟರಿ ಲಾರಿ ನಿಲ್ಲಿಸಿ ಇಳಿದ ಸೈನಿಕ ಅವ್ವನನ್ನು ಕೇಳಿದ. ಪಕ್ಕದ ಹೊನವಾಡದವನಂತೆ. 1971ರಲ್ಲಿ ಯುದ್ಧದ ಕಾವು ಏರುತ್ತಿದ್ದ ದಿನಗಳವು. ಲಾರಿ ರಾಜಸ್ಥಾನದ ಮರಳುಗಾಡಿಗೆ ಹೊರಟಿತ್ತು. ಅಲ್ಲಿ ಲಾರಿಗೆ ಹೊದಿಸಿದ ಹಸಿರು ತಾಡಪತ್ರಿ ವೈರಿಯ ಕಣ್ಣಿಗೆ ಬೀಳುತ್ತದೆ, ಮರಳಿನ ಬಣ್ಣ ಬಳಿಯಬೇಕು ಎಂದ. ನಮ್ಮೂರ ಸುತ್ತ ಇರುವುದೆಲ್ಲ ಕರಿ ಎರೆಮಣ್ಣು. ಮಣ್ಣಿನ ಮಾಳಿಗೆ ಸೋರದಂತೆ ಮೇಲೆ ಹಾಕಲು ಅವ್ವ ತರಿಸಿ ಮನೆ ಮುಂದೆ ಗುಡ್ಡೆ ಹಾಕಿಸಿದ್ದ ಹಾಳುಮಣ್ಣು ಮಾತ್ರ ಮಾಸಲು ಬಿಳುಪಾಗಿತ್ತು. ಅವ್ವ ತಾನೇ ಅದನ್ನು ಕಲೆಸಿ, ಅವನ ಜೊತೆ ನಿಂತು ತಾಡಪತ್ರಿಗೆಲ್ಲ ಬಳಿದಳು.

“ಹೆಸರಿಗಷ್ಟ ಹಾಳಮಣ್ಣು, ಯಪ್ಪಾ. ನಮ್ಮ ತಲಿ ಕಾಯೂದು ಇದ. ನಿನ್ನೂ ಕಾಯ್ತೈತಿ, ಹೋಗಿ ಬಾ.”

ಮೇಲೆ ಹಾಕಲು ಮಣ್ಣು ಉಳಿಯದೆ ಹಿಂಗಾರಿ ಮಳೆಗೆ ನಮ್ಮ ಮಾಳಿಗೆ ಸೋರಿತು. ಯಾಕೆಂದು ಕೇಳಿದವರಿಗೆಲ್ಲ ಅವ್ವ ತಲೆಯೆತ್ತಿ ಹೇಳುತ್ತಿದ್ದಳು: “ನಮ್ಮ ಮಾಳಗಿ ಗಡಿ ಕಾಯಾಕ ಹೋಗೈತಿ!”