ನೀರು ಕುಡಿಯಬಾರದೆಂಬ ನನ್ನ ಕಟ್ಟುಪಾಡು

ಕುಪ್ಪಗಡ್ಡೆ ಕಡೆಯ ಗದ್ದೆಗಳಿಗೆ ನಾಟಿಗೆ ಹೋಗುವ ಹೆಂಗಸರ ಗ್ಯಾಂಗಿಗೆ ಇಪ್ಪತ್ತು ವರ್ಷದಿಂದ ನಾನೇ ಮುಂದಾಳು. ಎಕರೆ ಲೆಕ್ಕದ ಗುತ್ತಿಗೆ ಕೆಲಸ. ಒಬ್ಬಳು ಸಾಲು ಬಿಟ್ಟು ಎದ್ದುಹೋದರೆ ಅವಳ ಪಾಲಿನ ಸಸಿಯನ್ನು ಉಳಿದವರು ನೆಡಬೇಕು, ಆಗ ಜಗಳ. ಅದಕ್ಕೇ ನಾನೊಂದು ಕಟ್ಟುಪಾಡು ಮಾಡಿದ್ದೆ: ಗದ್ದೆಗೆ ಇಳಿದವರು ಊಟದ ಹೊತ್ತಿನವರೆಗೆ ನೀರು ಕುಡಿಯಬಾರದು. ಕುಡಿದರೆ ಒಂದಕ್ಕೆ ಏಳಬೇಕಾಗುತ್ತದೆ. ಎದ್ದು ಹೋಗುವುದಾದರೂ ಎಲ್ಲಿಗೆ? ಮೊದಲು ಬದುವಿನ ಪಕ್ಕ ಪೊದೆಗಳಿದ್ದವು. ಕಡಿದು ತಂತಿ ಬೇಲಿ ಹಾಕಿದರು. ಈಚೆಗೆ ಟಾರು ರಸ್ತೆ, ಬೈಕಿನವರು. ಮರೆ ಬೇಕೆಂದರೆ ದೂರದ ಮೋರಿಯವರೆಗೆ ನಡೆಯಬೇಕು.

ಬೇರೆಯವರು ಕದ್ದು ಒಂದು ಗುಟುಕು ಕುಡಿದರೆ ನೋಡದವಳಂತೆ ಇರುತ್ತಿದ್ದೆ. ನಮ್ಮ ಜೊತೆಗೇ ನಾಟಿಗೆ ಬರುತ್ತಿದ್ದ ನನ್ನ ಸೊಸೆಯನ್ನು ಮಾತ್ರ ಬಿಡುತ್ತಿರಲಿಲ್ಲ. ಮನೆಯವಳಿಗೊಂದು ನ್ಯಾಯ ಎಂದು ಯಾರೂ ಆಡಿಕೊಳ್ಳಬಾರದಲ್ಲ. ಒಮ್ಮೆ ಅವಳು ಎದ್ದಾಗ ಎಲ್ಲರೆದುರೇ ಕೂಗಿದೆ:

"ಏನೇ, ಅಂಬ್ಲಿಗೊಳ ಡ್ಯಾಮಿನ ತೂಬು ಎತ್ತಿದಂಗೆ ಆತಲ್ಲೇ ನಿಂದು! ಮತ್ತೆ ಹೊಂಟ್ಯಾ?"

ಹೆಂಗಸರು ಬಿದ್ದು ಬಿದ್ದು ನಕ್ಕರು. ಆಮೇಲೆ ಅವಳು ಏಳಲಿಲ್ಲ. ಬೆಳಗಿನ ಚಾ ಕೂಡ ಬಿಟ್ಟಳು. ಸೊಸೆ ದಾರಿಗೆ ಬಂದಳು ಎಂದುಕೊಂಡೆ.

ಹೋದ ಮಳೆಗಾಲದಲ್ಲಿ ಅವಳಿಗೆ ಚಳಿಜ್ವರ, ಸೊಂಟದಲ್ಲಿ ತಡೆಯಲಾಗದ ನೋವು. ಶಿಕಾರಿಪುರಕ್ಕೆ ಕರೆದೊಯ್ದೆ. ಡಾಕ್ಟರು ಸ್ಕ್ಯಾನ್ ನೋಡಿ, ಕಲ್ಲು ಕೂತು ಒಂದು ಕಿಡ್ನಿ ಅರ್ಧ ಹಾಳಾಗಿದೆ, ಇನ್ನೊಂದನ್ನಾದರೂ ಉಳಿಸಿಕೊಳ್ಳಿ ಎಂದರು.

"ದಿನಕ್ಕೆ ನೀರು ಎಷ್ಟು ಕುಡೀತೀಯಮ್ಮ?"

ಅವಳು ನನ್ನ ಮುಖ ನೋಡಿದಳು. "ನಂಗೆ ಬಾಯಾರಿಕೆನೇ ಆಗಲ್ಲ ಸಾರ್."

"ನಿಮ್ಮೋರಿಗೆ ಮೈ ಮೇಲೆ ನಿಗಾನೇ ಇಲ್ಲ. ಏನ್ರೀ ಅಜ್ಜಿ, ನೀವಾದ್ರೂ ಹೇಳಬಾರ್ದಾ?"

"ಹೇಳ್ತೀನ್ರೀ. ಎಲ್ಲಿ ಕೇಳ್ತಾಳೆ?" ಅಂದೆ.

ಹಾಗೆಂದದ್ದು ಇದೇ ಬಾಯಿ. ಸೊಸೆ ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡಳು.

ಬಸ್ ಸ್ಟ್ಯಾಂಡಿನಲ್ಲಿ ಒಂದು ಬಾಟಲಿ ನೀರು ಕೊಂಡು ಅವಳ ಕೈಗೆ ಕೊಟ್ಟೆ. ಮಡಿಲಲ್ಲಿ ಇಟ್ಟುಕೊಂಡು ಕೂತಳು. ಸೊರಬ ಹತ್ತಿರ ಬಂದರೂ ಮುಚ್ಚಳ ತೆಗೆದಿರಲಿಲ್ಲ.

"ಕುಡಿಯೇ."

"ಬಸ್ಸಲ್ಲಿ ಎಲ್ಲಿಗೆ ಹೋಗ್ಲಿ ಅತ್ತೆ? ಮನೆಗ್ ಹೋಗಿ ಕುಡೀತೀನಿ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ನಾನು ಕಿಟಕಿ ಕಡೆ ತಿರುಗಿದೆ.

ಈಗ ಗದ್ದೆಗೆ ಕೊಡದಲ್ಲಿ ನೀರು ಒಯ್ಯುತ್ತೇವೆ. ಇಬ್ಬಿಬ್ಬರು ಜೊತೆಯಾಗಿ ಮೋರಿಗೆ ಹೋಗಿ ಬರುತ್ತಾರೆ, ಯಾರೂ ತಕರಾರು ಮಾಡುವುದಿಲ್ಲ. ಸೊಸೆ ನಾಟಿಗೆ ಬರುವ ಹಾಗಿಲ್ಲ. ಹೊತ್ತು ಹೊತ್ತಿಗೆ ಅವಳ ಮುಂದೆ ಚೊಂಬು ಇಡುತ್ತೇನೆ. ತಪ್ಪಾಯಿತು ಎಂದು ಇವತ್ತಿನವರೆಗೂ ನಾನು ಅವಳಿಗೆ ಅಂದಿಲ್ಲ.